ಕೂರ್ಹೊತ್ತಿನಲ್ಲಿ ನಿಂತವರು

ಕೂರ್ಹೊತ್ತಿನಲ್ಲಿ ನಿಂತೇ ಇರುವವಳು ಈ ಊರಿಗೆಲ್ಲ ನಾನೊಬ್ಬಳೇ ಎಂದು ಹನ್ನೊಂದು ವರ್ಷ ನಂಬಿಕೊಂಡಿದ್ದೆ. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಹಿಂದಿನ ದಿನದ ಫೋಟೋಗಳನ್ನು ನೋಡುತ್ತಿದ್ದಾಗ, ಮುನಿಸ್ವಾಮಿಯ ಕ್ಷೌರದಂಗಡಿಯ ಕನ್ನಡಿಯಲ್ಲಿ ಒಂದು ಜೊತೆ ಬೂಟು ಕಂಡಿತು. ಬೂಟಿನ ಮೇಲೆ ಎರಡು ಕಾಲು. ಕಾಲು ನೆಟ್ಟಗೆ ನಿಂತಿದ್ದವು! ಕಾಫಿ ಸೀರೆಯ ಮೇಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ ನನಗೆ.

ಹೊರಗಿನವರಿಗೆ ಕೂರ್ಹೊತ್ತು ಅಂದರೆ ತಿಳಿದಿರಲಿಕ್ಕಿಲ್ಲ. ನಮ್ಮಲ್ಲಿ ಮಧ್ಯಾಹ್ನ ಮೂರರಿಂದ ಐದರೊಳಗೆ ಯಾವಾಗಲೋ ಒಮ್ಮೆ ಎಲ್ಲರ ಮಂಡಿ ಮೆತ್ತಗಾಗುತ್ತದೆ. ಎಲ್ಲಿದ್ದರೆ ಅಲ್ಲೇ ಕೂರುವುದು. ಒಂದು ಪಾವು ಅಕ್ಕಿ ಬೇಯುವಷ್ಟು ಹೊತ್ತು ಕೂತಿದ್ದು, ಪಕ್ಕದವರ ಕೈ ಹಿಡಿದು ಎದ್ದು, ಬಿಟ್ಟ ಕೆಲಸಕ್ಕೆ ಮರಳುವುದು. ಅದಕ್ಕೇ ಇಲ್ಲಿ ಊಟದ ಮೇಲೆ ತೆಂಗಿನಮರ ಹತ್ತುವವರಿಲ್ಲ, ಬಸ್ಸು ಓಡಿಸುವವರಿಲ್ಲ. ರಸ್ತೆಯನ್ನು ದಿನಕ್ಕೆ ಎರಡು ಸಲ ಗುಡಿಸುತ್ತಾರೆ. ಬಿಳಿ ಪಂಚೆಯವರು ಕಂಕುಳಲ್ಲಿ ಹಳೇ ಪೇಪರು ಇಟ್ಟುಕೊಂಡೇ ತಿರುಗುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರು ಮೂರು ಗಂಟೆಯಾದರೆ ಒಬ್ಬರಿಂದೊಬ್ಬರು ಎರಡು ಬೀದಿ ದೂರ ಇರಲು ನೋಡುತ್ತಾರೆ. ಆದರೂ ಗಡಿಬಿಡಿಯಲ್ಲಿ ಒಂದೇ ಮೋರಿಕಟ್ಟೆಗೆ ಬಂದು ಕೂತು, ಅತ್ತ ಒಬ್ಬ ಇತ್ತ ಒಬ್ಬ ಮುಖ ತಿರುಗಿಸಿಕೊಂಡವರ ಫೋಟೋ ನನ್ನ ಹತ್ತಿರ ಎಷ್ಟು ಬೇಕಾದರೂ ಇದೆ.

ನನ್ನದು ಮಾತ್ರ ಉಲ್ಟಾ. ಕೂರ್ಹೊತ್ತು ಬಂದರೆ ನನ್ನ ಮಂಡಿ ಒನಕೆಯಾಗುತ್ತದೆ. ಮುಂಚೆಯೇ ಕುರ್ಚಿಯಲ್ಲಿ ಕೂತಿದ್ದರೂ ಅದೇ ಎಬ್ಬಿಸಿ ನಿಲ್ಲಿಸುತ್ತದೆ. ಸ್ಟುಡಿಯೋ ಕೆಲಸಕ್ಕೆಂದು ಈ ಊರಿಗೆ ಬಂದ ಮೊದಲ ದಿನವೇ ಹೀಗಾಯಿತು. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಸಂತೆಬೀದಿಯಲ್ಲಿ ನಡೆಯುತ್ತಿದ್ದೆ. ಇಡೀ ಬೀದಿ ದಡಾರನೆ ಕೂತಿತು. ನಾನು ಕಂಬದ ಹಾಗೆ ನಿಂತಿದ್ದೆ. ಹೂವಿನ ತಾಯಕ್ಕ ಕೆಳಗಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರ್ಕಾರದೋರಿರ್ಬೇಕು ಕಣ್ರೋ," ಅಂದಳು. ಮುಗಿಯಿತು. ಇನ್ಸ್‌ಪೆಕ್ಟರನ್ನೂ ಏನಯ್ಯ ಎನ್ನುವ ಆ ತಾಯಕ್ಕ ನನಗೆ ಮಾತ್ರ, "ಮೇಡಮ್ಮೋರೆ, ನೀವು ಒಂದು ಮೊಳ ಮುಡ್ಕೊಳ್ಳಿ," ಎಂದು ಕೈಮುಗಿದು ಕೊಟ್ಟಳು. ಅವತ್ತಿನಿಂದ ನಾನು ಊರಿಗೆಲ್ಲ ಫೋಟೋ ಮೇಡಂ. ಮಂದಾಕಿನಿ ಎನ್ನುವ ಹೆಸರು ಕರೆಂಟಿನ ಬಿಲ್ಲಿನ ಮೇಲೆ ಮಾತ್ರ ಉಳಿಯಿತು.

ಕೂರಲಾಗದಿದ್ದರೆ ಏನು ಮಾಡಬೇಕು? ಫೋಟೋ ತೆಗೆಯಬೇಕು. ಮಂಡಿ ಬಗ್ಗಿಸದೆ ಬೊಂಬೆಯ ಹಾಗೆ ನಡೆಯುತ್ತ, ಕೂತ ಅಪರಿಚಿತರನ್ನೆಲ್ಲ ತೆಗೆದೆ. ಮೊದಲು ಸ್ವಲ್ಪ ಹೊತ್ತು ಅವರು ಕ್ಯಾಮೆರಾ ನೋಡಿ ಸೆರಗು ಸರಿಮಾಡಿಕೊಳ್ಳುತ್ತಾರೆ, ಮೀಸೆ ತೀಡುತ್ತಾರೆ. ಆಮೇಲೆ ಮರೆಯುತ್ತಾರೆ. ಆಗ ನೋಡಬೇಕು! ಚಿನ್ನದಂಗಡಿಯ ಶೆಟ್ಟರು ತಮ್ಮ ಮೆಟ್ಟಿಲ ಮೇಲೆಯೇ ಹೆಗಲು ಇಳಿಬಿಟ್ಟು ಆಕಳಿಸುತ್ತಾರೆ. ಎರಡು ಗಂಟೆಯಿಂದ ಸೊಸೆಯನ್ನು ಬೈಯುತ್ತಿದ್ದವಳು ಅದೇ ಸೊಸೆಯ ತೋಳಿಗೆ ಒರಗಿ ತೂಕಡಿಸುತ್ತಾಳೆ. ಕೈಕೋಳ ಹಾಕಿಸಿಕೊಂಡವನೂ ಹಾಕಿದ ಪೇದೆಯೂ ಬೇಲಿಯ ನೆರಳಿಗೆ ಒಟ್ಟಿಗೆ ಸರಿಯುತ್ತಾರೆ. ಸೋಮವಾರ ಇವನ್ನೆಲ್ಲ ಪ್ರಿಂಟು ಹಾಕಿ, ಸ್ಟುಡಿಯೋ ಗೋಡೆಗೆ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕುತ್ತಿದ್ದೆ. ಊರೇ ಮುಗಿಬೀಳುತ್ತಿತ್ತು. "ಅಯ್ಯೋ, ನಾನು ಬಾಯಿ ಬಿಟ್ಕೊಂಡ್ ಕೂತಿದೀನಲ್ಲ ಮೇಡಂ, ನೀವಾದ್ರೂ ಹೇಳ್ಬಾರ್ದಾ!" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಎಲ್ಲರೂ ಹೋದ ಮೇಲೆ ಗೋಡೆಯ ಮುಂದೆ ನಿಂತು, ಇಷ್ಟು ಜನರ ಪಕ್ಕದಲ್ಲಿ ನಾನು ಒಂದು ದಿನವೂ ಕೂತಿಲ್ಲವಲ್ಲ ಎಂದು ಹೊಟ್ಟೆಯುರಿಯುತ್ತಿತ್ತು.

ಅಂಥವಳಿಗೆ ಆ ಸೋಮವಾರ ಆ ಬೂಟು ಕಂಡರೆ ಹೇಗಾಗಬೇಡ! ಚಿತ್ರದಲ್ಲಿ ಮುನಿಸ್ವಾಮಿ ಕ್ಷೌರದ ಕತ್ತಿ ಹಿಡಿದು ನೆಲದ ಮೇಲೆ ಕೂತಿದ್ದ. ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿ ಮುಖದ ನೊರೆಯ ಸಮೇತ ಅವನ ಪಕ್ಕ. ಹಿಂದಿನ ಕನ್ನಡಿಯಲ್ಲಿ ಅಂಗಡಿಯ ಒಳಗಿನ ಪರದೆ, ಪರದೆಯ ಕೆಳಗೆ ಕಪ್ಪು ಬೂಟು. ಒಂದಕ್ಕೆ ಕಪ್ಪು ಲೇಸು, ಇನ್ನೊಂದಕ್ಕೆ ಬಿಳಿ ನೂಲು ಕಟ್ಟಿತ್ತು. ಆ ಚಿತ್ರವನ್ನು ಗೋಡೆಗೆ ಹಾಕಲಿಲ್ಲ. ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಊರು ಸುತ್ತಲು ಹೊರಟೆ. ಎದುರಿಗೆ ಬಂದವರು ನಮಸ್ಕಾರ ಮೇಡಂ ಎಂದರೆ ನಾನು ಅವರ ಕಾಲು ನೋಡುತ್ತಿದ್ದೆ. ಶೆಟ್ಟರಂತೂ ತಮ್ಮ ಚಪ್ಪಲಿಗೆ ಏನಾಗಿದೆ ಎಂದು ಬಗ್ಗಿ ನೋಡಿಕೊಂಡರು.

ಮಂಗಳವಾರ ಬೆಳಿಗ್ಗೆ ಸಿಕ್ಕಿತು, ವಾಚನಾಲಯದ ಬೆಂಚಿನ ಕೆಳಗೆ. ಬಿಳಿ ನೂಲು! ಮೇಲೆ ನೋಡಿದರೆ ಪೇಪರಿನ ಹಿಂದೆ ಹಾಲಪ್ಪ ಮೇಷ್ಟ್ರು. ಎಪ್ಪತ್ತೆರಡು ವರ್ಷದ, ಇಡೀ ಊರಿಗೆ ಅಕ್ಷರ ಕಲಿಸಿದ ಹಾಲಪ್ಪ ಮೇಷ್ಟ್ರು! ಇವರೇ ಹೌದೋ ಅಲ್ಲವೋ ಎಂದು ಖಾತ್ರಿಯಾಗಬೇಕಿತ್ತು. ಕಾದೆ. ಎರಡೂಮುಕ್ಕಾಲಾಗುತ್ತಿದ್ದಂತೆ ಮೇಷ್ಟ್ರು ಪೇಪರು ಮಡಚಿ, ಅತ್ತಿತ್ತ ನೋಡಿ, ಸರಸರನೆ ಹೊರಟರು. ನಾನೂ ಹೊರಟೆ. ಅವರು ಓಡಿದರು, ನಾನೂ ಓಡಿದೆ. ಹಳೇ ಗಾಣದ ಹಿಂದಿನ ಸಂದಿಗೆ ನುಗ್ಗಿ ಗೋಡೆಗೆ ಒತ್ತಿಕೊಂಡು ನಿಂತರು, ಅಷ್ಟರಲ್ಲಿ ಕೂರ್ಹೊತ್ತು ಬಂದೇಬಿಟ್ಟಿತು. ಬೀದಿಯೆಲ್ಲ ಕೂತ ಸದ್ದಾಯಿತು. ಸಂದಿಯಲ್ಲಿ ನಾವಿಬ್ಬರೂ ಎದುರುಬದುರು ನಿಂತಿದ್ದೆವು, ಏದುಸಿರು ಬಿಡುತ್ತ.

"ಮೇಷ್ಟ್ರೇ! ನೀವೂನಾ!" ಎಂದು ಚಪ್ಪಾಳೆ ತಟ್ಟಿದೆ ನಾನು. ಅಷ್ಟು ಖುಷಿ.

"ಮೆಲ್ಲಗೆ, ಮೆಲ್ಲಗೆ," ಎಂದರು ಅವರು. ಕಣ್ಣಲ್ಲಿ ನೀರು. "ದಯವಿಟ್ಟು ಯಾರಿಗೂ ಹೇಳ್ಬೇಡಿ ಮೇಡಂ."

ಒಂದೂವರೆ ತಿಂಗಳಾಗಿತ್ತಂತೆ. ಅವರ ಅಕ್ಕ ನೀಲಮ್ಮ ತೀರಿಕೊಂಡ ದಿನದಿಂದ ಕೂರ್ಹೊತ್ತಿಗೆ ಮಂಡಿ ಬಗ್ಗಿಲ್ಲ. ಮನೆಯಲ್ಲೇ ಇರೋಣವೆಂದರೆ, ಒಂಟಿಯಾದರಲ್ಲ ಎಂದು ಪಕ್ಕದ ಮನೆಯವರು ಜಗಲಿಯಲ್ಲಿ ಜೊತೆಗೆ ಕೂರಲು ಬಂದುಬಿಡುತ್ತಾರೆ. ಅದಕ್ಕೇ ದಿನವೂ ಒಂದೊಂದು ಕಡೆ ಅವಿತುಕೊಳ್ಳುವುದು. ಒಂದು ದಿನ ಮುನಿಸ್ವಾಮಿಯ ಪರದೆಯ ಹಿಂದೆ, ಒಂದು ದಿನ ಸೌದೆ ಡಿಪೋದಲ್ಲಿ, ಒಂದು ದಿನ ಈ ಸಂದಿಯಲ್ಲಿ.

"ಗೊತ್ತಾದ್ರೆ ಏನಾಗುತ್ತೆ? ನಾನು ಹನ್ನೊಂದು ವರ್ಷ ನಿಂತಿಲ್ವಾ?"

"ನೀವು ಬೇರೆ. ನನ್ನನ್ನ ದೇವ್ರು ಮಾಡಿಬಿಡ್ತಾರೆ. ಈಗ ನೀವು ಅಂತಾರೆ, ಆಮೇಲೆ ತಾವು ಅಂತಾರೆ. ತಾವು ಅನ್ನಿಸ್ಕೊಂಡೋನ ಪಕ್ಕ ಯಾರು ಬಂದು ಕೂರ್ತಾರೆ, ಹೇಳಿ?" ಎಂದು ಮೇಷ್ಟ್ರು ಕೋಲನ್ನು ನೆಲಕ್ಕೆ ಕುಟ್ಟಿದರು. "ಅದೂ ಅಲ್ದೆ ಗುರುವಾರ ಸನ್ಮಾನ ಬೇರೆ ಇಟ್ಕೊಂಡಿದಾನೆ ಆ ಮುನಿಸ್ವಾಮಿ. ಶಾಲೆ ಮೈದಾನದಲ್ಲಿ, ಸರಿಯಾಗಿ ಮೂರು ಗಂಟೆಗೆ. ಕೂರ್ಹೊತ್ತಲ್ಲಿ ಇಡೀ ಊರು ನನ್ ಜೊತೆ ಒಟ್ಟಿಗೆ ಕೂರ್ಬೇಕಂತೆ. ಅದೇ ಅವನ ಆಸೆ."

ಮುನಿಸ್ವಾಮಿ ಹಳೇ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ. ಒಮ್ಮೆ ಹಿಡಿದದ್ದನ್ನು ಬಿಡುವ ಜಾತಿಯಲ್ಲ. ನನ್ನ ಖುಷಿ ಅರ್ಧ ಇಳಿಯಿತು. ಗುರುವಾರಕ್ಕೆ ಇನ್ನು ಎರಡೇ ದಿನ.

"ಅಕ್ಕನಿಗೂ ಮಂಡಿಗೂ ಏನು ಸಂಬಂಧ ಮೇಷ್ಟ್ರೇ?" ಎಂದು ಕೇಳಿದೆ.

"ಅದೇ ನನಗೂ ತಿಳೀಲಿಲ್ಲ. ಅವಳು ಹೋದ ಮೇಲೆ ಮನೆ ಒಂಥರಾ ಆಗಿದೆ. ಏನೋ, ಉಂಡ್ಯೇನೋ, ಎಲ್ಲಿ ಹಾಳಾಗಿ ಹೋಗಿದ್ಯೋ ಅಂತ ಕೇಳೋಳು ಅವಳೊಬ್ಬಳೇ. ಇನ್ನು ಈ ಊರಲ್ಲಿ ನನ್ನ ನೀನು ಅನ್ನೋರೇ ಉಳಿದಿಲ್ಲ ನೋಡಿ."

ನೀನು ಅನ್ನುವವರು! ಬೀದಿಯಲ್ಲಿ ಕೂತ ಪ್ರತಿಯೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಶೆಟ್ಟರಿಗೆ ತಾಯಿ ಇದ್ದಾರೆ. ಇನ್ಸ್‌ಪೆಕ್ಟರಿಗೆ ತಾಯಕ್ಕ ಸಾಕು. ಪೇದೆಗೆ ಕಳ್ಳನೇ ನೀನು ಅನ್ನುತ್ತಾನೆ. ನನಗೆ ಯಾರಿದ್ದಾರೆ? ಫೋನಿನಲ್ಲಿ ತಂಗಿ ಅನ್ನುತ್ತಾಳೆ, ಆದರೆ ಅವಳಿರುವುದು ಇಲ್ಲಿಂದ ಹತ್ತು ಗಂಟೆ ದೂರದಲ್ಲಿ. ಈ ಊರಿನಲ್ಲಿ ಹಾಲಿನವನಿಂದ ಹಿಡಿದು ಎಲ್ಲರೂ ಮೇಡಂ, ನೀವು. ನಿಂತಿದ್ದಾಳೆ ಎಂದು ಇವರು ನೀವು ಅಂದರು, ನೀವು ಅಂದರು ಎಂದು ನಾನು ನಿಂತೇ ಉಳಿದೆ. ಹನ್ನೊಂದು ವರ್ಷ! ಸಂದಿಯಲ್ಲೇ ಕುಣಿಯುವಂತಾಯಿತು, ಮಂಡಿ ಬಗ್ಗುತ್ತಿರಲಿಲ್ಲ ಅಷ್ಟೇ. ನನ್ನ ಲೆಕ್ಕಾಚಾರವನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಇದು ನಾನೇ ಮಾಡ್ಕೊಂಡಿದ್ದು," ಎಂದರು. "ದೊಡ್ಡವರಿಗೆ ನೀವು ಅನ್ನಬೇಕು. ಒಂದನೇ ಕ್ಲಾಸಿನ ಮೊದಲನೇ ಪಾಠ. ನಲವತ್ತು ವರ್ಷ ಬೆತ್ತ ಹಿಡ್ಕೊಂಡು ಅದನ್ನೇ ಕಲಿಸಿದೀನಿ."

ಅದು ನಿಜ. ಎಪ್ಪತ್ತರ ತಾಯಕ್ಕ ಸಹಿ ಹಾಕಲು ಕಲಿತದ್ದು ಇವರ ಹತ್ತಿರ. ಮಾತು ಬಾರದ ಮಕ್ಕಳೂ ಇವರನ್ನು ಕಂಡರೆ ಕೈಮುಗಿಯುತ್ತವೆ. ಹಾಗಾದರೆ ಉಳಿದವಳು ನಾನು, ಅವರ ಹತ್ತಿರ ಕಲಿಯದ ಒಬ್ಬಳೇ ಒಬ್ಬಳು. ನಾನು ಅವರನ್ನು ನೀನು ಅನ್ನಬೇಕು, ಅವರು ನನ್ನನ್ನು. ಇದೇ ಒಪ್ಪಂದವಾಯಿತು. ಒಂದು ಗಳಿಗೆ ನನಗೆ ಹಿಂಜರಿಕೆಯೂ ಆಯಿತು, ಕೂತುಬಿಟ್ಟರೆ ಊರೆಲ್ಲ ತಿರುಗಿ ಫೋಟೋ ತೆಗೆಯುವುದು ಹೇಗೆ ಎಂದು. ಆದರೆ ಅವರ ಬೂಟಿನ ಬಿಳಿ ನೂಲು ನೋಡಿ ಸುಮ್ಮನಾದೆ. ಲೇಸು ತಂದುಕೊಡುವ ಅಕ್ಕನೂ ಇಲ್ಲ ಈಗ.

ಬುಧವಾರ ಎರಡು ಗಂಟೆಗೆ ಮೇಷ್ಟ್ರು ಸ್ಟುಡಿಯೋಗೆ ಬಂದರು. ಬಾಗಿಲಲ್ಲೇ ನಿಂತು, ಗಂಟಲು ಸರಿಮಾಡಿಕೊಂಡು, "ಮಂದಾಕಿನೀ, ನೀನು ಊಟ ಮಾಡಿದ್ಯೇನಮ್ಮಾ?" ಎಂದರು. ಅವರಿಗೇನು, ನಲವತ್ತು ವರ್ಷ ಮಕ್ಕಳನ್ನು ಕರೆದ ಬಾಯಿ, ಸಲೀಸಾಗಿ ಬಂತು. ನಾನು ಮಾಡಿದೆ ಎಂದು ತಲೆಯಾಡಿಸಿದೆ, ಮಾಡಿರಲಿಲ್ಲ.

ಆಮೇಲೆ ನನ್ನ ಸರದಿ. ರಾತ್ರಿಯ ಅಡುಗೆ ಮಾಡುವಾಗ ಒಗ್ಗರಣೆಯ ಬಾಣಲೆಗೆ, ಬೆಳಿಗ್ಗೆ ಕನ್ನಡಿಗೆ, ನೂರು ಸಲ ಹೇಳಿ ಅಭ್ಯಾಸ ಮಾಡಿದ್ದೆ. ಎದುರಿಗೆ ಆ ನರೆತ ತಲೆ ಬಂದು ನಿಂತ ಕೂಡಲೇ ನಾಲಿಗೆ ಸೋತಿತು.

"ಹಾಲಪ್ಪ," ಎಂದೆ. ಅಷ್ಟಕ್ಕೇ ಬೆವರು. "ಹಾಲಪ್ಪ, ನೀನು... ಕೂತ್ಕೊಳ್ಳಿ."

ಮೇಷ್ಟ್ರು ಬಿದ್ದುಬಿದ್ದು ನಕ್ಕರು. "ಕರ್ತೃ ಏಕವಚನ, ಕ್ರಿಯಾಪದ ಬಹುವಚನ. ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ ನಿನ್ನ. ಇನ್ನೊಂದ್ಸಲ ಹೇಳು."

"ನೀನು ಬಾ. ನೀನು ಹೋಗು. ನೀನು ಟೀ ಕುಡೀತೀರಾ?"

"ಥೂ, ಮತ್ತೆ ಹೋಯ್ತು!"

ಕೊನೆಗೆ ಹೇಗೋ ಸರಿಯಾಗಿ ಹೇಳಿದೆ, ಗಿಣಿ ಹೇಳಿದ ಹಾಗೆ. ಇಬ್ಬರೂ ಸಂತೆಬೀದಿಗೆ ಹೊರಟೆವು. ಮೇಷ್ಟ್ರು ಯಾತಕ್ಕೂ ಇರಲಿ ಎಂದು ಹೂವಿನ ಅಂಗಡಿಯ ಹಿಂದಿನ ಗೋಣಿತಟ್ಟಿಯ ಮರೆಯಲ್ಲಿ ನಿಂತರು, ನಾನು ತಾಯಕ್ಕನ ಬುಟ್ಟಿಯ ಮುಂದೆ. ಮೂರೂಕಾಲಾಯಿತು. ಮಂಡಿಯೊಳಗೆ ಏನೋ ಬಿಸಿನೀರು ಹೊಯ್ದ ಹಾಗಾಯಿತು. ಅಯ್ಯೋ ಏನಿದು ಎನ್ನುವುದರೊಳಗೆ ಕೂತಿದ್ದೆ! ನೆಲದ ಮೇಲೆ! ಕಾಲು ಚಾಚಿ, ಸೀರೆ ಧೂಳಾಗಿ, ಎಲ್ಲರ ಹಾಗೆ!

ತಾಯಕ್ಕ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ನನ್ನ ತೊಡೆಗೆ ಫಟೀರನೆ ಹೊಡೆದು, "ಅಯ್ಯೋ ನಿನ್ನ! ನೀನೂ ಕೂತ್ಯೇನೇ ನಮ್ಮವ್ವ! ಸರ್ಕಾರದೋಳು ಅನ್ಕಂಡಿದ್ನಲ್ಲೇ ನಾನು!" ಎಂದು ಬೊಬ್ಬೆ ಹೊಡೆದಳು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ಕೈ ಮಾತ್ರ ತಾನಾಗಿ ಕ್ಯಾಮೆರಾ ಎತ್ತಿತು. ತೆಗೆದು ನೋಡುತ್ತೇನೆ, ಎಲ್ಲರ ಕಣ್ಣೂ ನನ್ನ ಕಣ್ಣಿನ ಎತ್ತರಕ್ಕೇ ಇದೆ. ಹನ್ನೊಂದು ವರ್ಷ ನಾನು ಈ ಊರಿನ ಬೈತಲೆ, ಬೋಳುತಲೆ, ರುಮಾಲುಗಳನ್ನೇ ಮೇಲಿನಿಂದ ತೆಗೆದಿದ್ದೆ. ತಾಯಕ್ಕನ ಗಲ್ಲದ ಕೆಳಗೆ ಹಚ್ಚೆ ಇದೆ ಎಂದು ಅವತ್ತು ಮೊದಲ ಸಲ ಕಂಡೆ. ಹುಚ್ಚಿಯ ಹಾಗೆ ಅರವತ್ತು ಫೋಟೋ ತೆಗೆದೆ, ಕೂತಲ್ಲೇ.

ಆಮೇಲೆ ಗೋಣಿತಟ್ಟಿಯ ಕಡೆ ತಿರುಗಿದೆ. ತಟ್ಟಿಯ ಕೆಳಗೆ ಎರಡು ಬೂಟು ಹಾಗೇ ನೆಟ್ಟಗಿದ್ದವು.

"ಬಾಯಲ್ಲಿ ಬಂತು, ಒಳಗಿಂದ ಬರ್ಲಿಲ್ಲ," ಎಂದರು ಮೇಷ್ಟ್ರು ಆಮೇಲೆ. ಬೇಸರ ತೋರಿಸಲಿಲ್ಲ. "ಹೋಗ್ಲಿ ಬಿಡು. ನೀನು ಕೂತ್ಯಲ್ಲ, ಅಷ್ಟು ಸಾಕು." ಅವರು ಅಷ್ಟು ಹೇಳಿದ್ದು ಬೈದಿದ್ದಕ್ಕಿಂತ ಹೆಚ್ಚು ಚುಚ್ಚಿತು. ಜ್ವರವೆಂದು ಹೇಳಿ ಮನೆಯಲ್ಲಿರಿ ಎಂದೆ. ಜ್ವರವೆಂದರೆ ಮುನಿಸ್ವಾಮಿ ಸನ್ಮಾನವನ್ನೇ ಮನೆಗೆ ತರುತ್ತಾನೆ ಎಂದರು. ಅದೂ ಸರಿಯೇ.

ಗುರುವಾರ ಶಾಲೆ ಮೈದಾನದಲ್ಲಿ ನಾನೂರು ಜನ. ಜಗಲಿಯೇ ವೇದಿಕೆ, ಎರಡು ಮೆಟ್ಟಿಲಿನ ಎತ್ತರ. ಮುನಿಸ್ವಾಮಿ ಹೊಸ ಶರ್ಟು ಹಾಕಿಕೊಂಡು, ಮೇಷ್ಟ್ರಿಗೆ ಶಾಲು ಹೊದಿಸಿ, ಸೊಂಟದವರೆಗೆ ಬರುವ ಹಾರ ಹಾಕಿ, ತಾನು ಒಂದನೇ ಕ್ಲಾಸಿನಲ್ಲಿ ತಿಂದ ಏಟುಗಳ ಬಗ್ಗೆ ಭಾಷಣ ಮಾಡಿದ. ಜನ ಹೋ ಎಂದು ನಕ್ಕರು. ನಾನು ಮುಂದಿನ ಸಾಲಿನಲ್ಲಿ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಕೂರಿಸಿಕೊಂಡು ಪಕ್ಕದಲ್ಲಿದ್ದೆ. ಆ ಕ್ಯಾಮೆರಾ ಎಂದರೆ ನನಗೆ ಪ್ರಾಣ. ಯಾರಾದರೂ ಬೆರಳು ತಾಗಿಸಿದರೂ ಕೂಗಾಡುವವಳು ನಾನು. ಮೇಷ್ಟ್ರು ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ನಾನು ತುಟಿಯೊಳಗೇ ನೀನು, ನೀನು ಎಂದು ಜಪ ಮಾಡುತ್ತಿದ್ದೆ.

ಬಂತು. ಮೈದಾನವೆಲ್ಲ ಕೂತಿತು. ಮುನಿಸ್ವಾಮಿ ಮೈಕಿನ ಸಮೇತ ಜಗಲಿಯ ಮೇಲೆ ಕೂತ. ನನ್ನ ಮಂಡಿಯೂ ಮಡಚಿತು. ಮೇಷ್ಟ್ರನ್ನು ಮಾತ್ರ ಮಂಡಿ ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿತು. ನಾನೂರು ಜನರ ನಡುವೆ ಒಬ್ಬರೇ, ಹಾರದ ಸಮೇತ, ಕಂಬದ ಹಾಗೆ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಕೈಮುಗಿಯತೊಡಗಿದರು. ಮುನಿಸ್ವಾಮಿಯ ಕಣ್ಣಲ್ಲಿ ಧಾರೆಯಾಗಿ ನೀರು. ಅವನು ಮೈಕು ಬಾಯಿಯ ಹತ್ತಿರ ತಂದುಕೊಂಡು, ನಡುಗುವ ದನಿಯಲ್ಲಿ, "ಗುರುಗಳೇ... ತಾವು..." ಎಂದ.

ಮೇಷ್ಟ್ರ ಮುಖ ಬಿಳಿಚಿಹೋಯಿತು. "ಏನಿಲ್ಲ, ಏನಿಲ್ಲ!" ಎಂದು ಎರಡೂ ಕೈ ಆಡಿಸಿದರು. "ನಾನು ಫೋಟೋ ತೆಗೀಬೇಕಲ್ಲ, ಅದಕ್ಕೇ ನಿಂತೆ ಅಷ್ಟೇ!" ಎನ್ನುತ್ತ ಬಗ್ಗದ ಮಂಡಿಯಲ್ಲೇ ಮೆಟ್ಟಿಲಿಳಿಯಲು ಹೊರಟರು. ಒಂದು ಮೆಟ್ಟಿಲು ದಾಟಿತು. ಎರಡನೆಯದರಲ್ಲಿ ಶಾಲಿನ ಅಂಚು ಕಾಲಿಗೆ ಸುತ್ತಿಕೊಂಡಿತು. ಆಸರೆಗೆ ಕೈ ಚಾಚಿ ನನ್ನ ಕ್ಯಾಮೆರಾದ ಸ್ಟ್ಯಾಂಡು ಹಿಡಿದರು. ಅದು ವಾಲಿತು, ಅದರ ಜೊತೆಗೆ ಅವರೂ ವಾಲಿದರು, ತಲೆ ಮುಂದಾಗಿ, ಮೆಟ್ಟಿಲ ಕಲ್ಲಿನ ಅಂಚಿನ ಕಡೆಗೆ. ಬೀಳುವಾಗಲೂ ಆ ಮನುಷ್ಯ ಎರಡೂ ಕೈಯಲ್ಲಿ ಕ್ಯಾಮೆರಾವನ್ನೇ ತಬ್ಬಿಕೊಂಡಿದ್ದರು!

"ಅಯ್ಯೋ ಮುದುಕಾ!" ಎಂದು ಕಿರುಚಿದೆ ನಾನು. "ಹಾಳಾಗ್ಲಿ ಬಿಡೋ ಅದು! ತಲೆ ಒಡ್ಕೊಂಡು ಸಾಯ್ತೀಯ ಕಣೋ, ನಿನ್ನ ಬಿಟ್ರೆ ನನಗಿನ್ಯಾರಿದಾರೋ ಇಲ್ಲಿ, ಕೂತ್ಕೋ ಮೊದ್ಲು!"

ಮೇಷ್ಟ್ರ ಎರಡೂ ಮಂಡಿ ಒಟ್ಟಿಗೆ ಮಡಚಿದವು. ತಲೆ ಕಲ್ಲಿಗೆ ತಾಗಲಿಲ್ಲ. ಕೊನೆಯ ಮೆಟ್ಟಿಲ ಕೆಳಗೆ, ನನ್ನ ಪಕ್ಕದಲ್ಲಿ, ಮಣ್ಣಿನ ಮೇಲೆ ಧೊಪ್ಪನೆ ಕೂತುಬಿಟ್ಟರು. ಕ್ಯಾಮೆರಾ ಮಡಿಲಲ್ಲಿ, ಹಾರ ಕಿವಿಯ ಮೇಲೆ.

ಇಡೀ ಮೈದಾನ ನನ್ನನ್ನು ನೋಡುತ್ತಿತ್ತು. ಮುನಿಸ್ವಾಮಿಯ ಬಾಯಿ ತೆರೆದೇ ಇತ್ತು. ನಾನು ಆಡಿದ್ದೇನು ಎಂದು ನನಗೆ ಆಗ ತಿಳಿಯಿತು. ಮುಖಕ್ಕೆ ಬೆಂಕಿ ಹತ್ತಿದಂತಾಗಿ ಸೆರಗು ಬಾಯಿಗೆ ಒತ್ತಿಕೊಂಡೆ.

"ತಪ್ಪಾಯ್ತು ಮೇಷ್ಟ್ರೇ, ಗಾಬರಿಯಲ್ಲಿ..." ಎಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ತಮ್ಮ ಮಂಡಿಯನ್ನು ಎರಡೂ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಗಲ್ಲದ ಮೇಲೆಲ್ಲ ನೀರು.

"ಇನ್ನೊಂದ್ಸಲ ಬಯ್ಯಮ್ಮಾ," ಎಂದರು.